ಯಾತ್ರಾ ವಾಹನದಲ್ಲಿ ಗ್ಯಾಸ್ ಹೀಟರ್: ನಿದ್ರೆಯ ಹೊತ್ತಿನ ಕಾಣದ ವಿಷ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಚಳಿಯೂ ಯಾತ್ರೆಯೂ ಜೊತೆಜೊತೆಯಾಗಿ ಆರಂಭವಾಗುತ್ತವೆ. ಹುಣ್ಣಿಮೆಯಂದು ಜೇನುಕಲ್ಲು ಸಿದ್ಧೇಶ್ವರ ಬೆಟ್ಟವನ್ನು ಏರಲು ಬರುವವರು ಅನೇಕರು. ಹಿಂದಿನ ರಾತ್ರಿಯೇ ಬಂದು ವಾಹನಗಳಲ್ಲಿ ಮಲಗುವವರೂ ಅವರಲ್ಲಿದ್ದಾರೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಊರುಗಳ ಹೆಸರು ಇನ್ನಷ್ಟು ದೂರ ಹಬ್ಬಿದೆ. ಇತ್ತ ನಮ್ಮ ಭಾಗದ ಭಕ್ತರು ಟೆಂಪೋ ಟ್ರಾವೆಲರ್ ಅಥವಾ ಬಸ್ಸು ಗೊತ್ತು ಮಾಡಿಕೊಂಡು, ಅಡುಗೆಯವರನ್ನೂ ಪಾತ್ರೆಪಡಗವನ್ನೂ ಗ್ಯಾಸ್ ಸಿಲಿಂಡರನ್ನೂ ಜೊತೆಗಿರಿಸಿಕೊಂಡು ಕಾಶಿ, ಕೇದಾರ, ಬದರಿಗಳವರೆಗೆ ಹೋಗಿ ಬರುವುದುಂಟು. ಈಚೆಗೆ ಮಲಗಲು ಹಾಸಿಗೆ, ಅಡುಗೆಗೆ ಕಟ್ಟೆ ಎಲ್ಲವೂ ಒಳಗೇ ಇರುವ ಕ್ಯಾಂಪರ್ ವ್ಯಾನುಗಳೂ ಬೆಂಗಳೂರಿನಲ್ಲಿ ಬಾಡಿಗೆಗೆ ದೊರೆಯುತ್ತಿವೆ.

ಇಂತಹ ವಾಹನದಲ್ಲಿ ರಾತ್ರಿ ಕಳೆಯುವವರಿಗೆ ಚಳಿ ಸಹಜವಾಗಿಯೇ ಚಿಂತೆಯ ವಿಷಯ. ಮನೆಯಲ್ಲಿ ವೃದ್ಧರೂ ಮಕ್ಕಳೂ ಇದ್ದರೆ ಆ ಚಿಂತೆ ಇಮ್ಮಡಿ. ಆಗ ಯಾರೋ ಒಬ್ಬರು, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪ್ರೋಪೇನ್ ಅಥವಾ ಎಲ್‌ಪಿಜಿ ಹೀಟರನ್ನು ತಂದರೆ ಸಾಕು, ವಾಹನವೆಲ್ಲ ಹತ್ತು ನಿಮಿಷದಲ್ಲಿ ಬೆಚ್ಚಗಾಗುತ್ತದೆ ಎಂದು ಸೂಚಿಸುತ್ತಾರೆ. ಬೆಚ್ಚಗಾಗುವುದು ನಿಜ. ಆದರೆ ಆ ಬೆಚ್ಚನೆಯ ಜೊತೆಗೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಒಂದು ವಿಷವೂ ಒಳಸೇರಬಹುದು. ಅದನ್ನು ಅರಿತು ಯಾತ್ರೆಗೆ ಹೊರಡಲೆಂಬುದೇ ಈ ಲೇಖನದ ಉದ್ದೇಶ.

ನಡೆದುಹೋದ ಮೂರು ದುರಂತಗಳು

2020ರ ಜನವರಿಯಲ್ಲಿ ಕೇರಳದಿಂದ ನೇಪಾಳಕ್ಕೆ ಹೋಗಿದ್ದ 15 ಜನರ ತಂಡವೊಂದು ದಾಮನ್ ಎಂಬ ಗಿರಿಧಾಮದಲ್ಲಿ ತಂಗಿತ್ತು. ಅವರಲ್ಲಿ ಎಂಟು ಮಂದಿ ಒಂದೇ ಕೋಣೆಯಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಗ್ಯಾಸ್ ಹೀಟರ್ ಹೊತ್ತಿಸಿ ಮಲಗಿದರು. ಬೆಳಿಗ್ಗೆ ಅವರಾರೂ ಏಳಲಿಲ್ಲ. ಮೃತರಲ್ಲಿ ನಾಲ್ವರು ಮಕ್ಕಳು.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಶವವಾಗಿ ಕಂಡುಬಂದರು. ಅಲ್ಲಿ ಹೀಟರ್ ಇರಲಿಲ್ಲ. ವಾಹನದ ಜನರೇಟರ್‌ನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಮಲಗುವ ಭಾಗಕ್ಕೆ ನುಗ್ಗಿದ್ದೇ ಸಾವಿಗೆ ಕಾರಣವೆಂದು ಪರಿಣತರ ಪರಿಶೀಲನೆಯಿಂದ ತಿಳಿದುಬಂತು.

ಮೂರನೆಯದು ಬೆಂಕಿಯ ಪ್ರಸಂಗ. 2023ರ ಆಗಸ್ಟ್ 26ರ ನಸುಕಿನಲ್ಲಿ, ಲಖನೌದಿಂದ ದಕ್ಷಿಣದ ಕ್ಷೇತ್ರಗಳ ದರ್ಶನಕ್ಕೆ ಬಂದಿದ್ದ ಯಾತ್ರಿಕರ ರೈಲು ಬೋಗಿಯೊಂದು ಮಧುರೆಯ ನಿಲ್ದಾಣದ ಸಮೀಪ ನಿಂತಿತ್ತು. ನಿಯಮ ಮೀರಿ ಒಳಗೆ ಇರಿಸಿಕೊಂಡಿದ್ದ ಗ್ಯಾಸ್ ಸಿಲಿಂಡರಿನಿಂದ ಚಹಾ ಕಾಯಿಸಲು ಹೊರಟಾಗ ಬೆಂಕಿ ಹತ್ತಿ ಒಂಬತ್ತು ಮಂದಿ ಅಸುನೀಗಿದರು.

ಮೂರೂ ಕಡೆ ಇದ್ದವರು ಅಜ್ಞಾನಿಗಳಲ್ಲ, ದುಡುಕಿನವರೂ ಅಲ್ಲ. ಮನೆಯಲ್ಲಿ ದಿನನಿತ್ಯ ಬಳಸುವ ವಸ್ತುವು ಇಕ್ಕಟ್ಟಾದ, ಮುಚ್ಚಿದ ಜಾಗದಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ ಎಂಬುದು ಅವರಿಗೆ ತೋರಲಿಲ್ಲ, ಅಷ್ಟೆ.

ಹೀಟರ್ ಒಳಗೆ ನಡೆಯುವುದೇನು?

ನಮ್ಮ ದೇಶದ ಅಡುಗೆ ಅನಿಲವು ಪ್ರೋಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಗಾಳಿ ಧಾರಾಳವಾಗಿದ್ದಾಗ ಇವು ಸಂಪೂರ್ಣವಾಗಿ ಉರಿದು ಶಾಖ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯನ್ನು ಕೊಡುತ್ತವೆ. ಗಾಳಿಯಲ್ಲಿನ ಆಮ್ಲಜನಕ ಕಡಿಮೆಯಾಗುತ್ತ ಬಂದಂತೆ ಉರಿ ಅಪೂರ್ಣವಾಗುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್. ಚೆನ್ನಾಗಿರುವ ಹೀಟರ್ ಕೂಡ ಮುಚ್ಚಿದ ಜಾಗದಲ್ಲಿ ತನ್ನ ಉರಿಯನ್ನು ತಾನೇ ಕೆಡಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಳಗೆ ನಾಲ್ಕು ಮೀಟರ್ ಉದ್ದ, ಒಂದೂಮುಕ್ಕಾಲು ಮೀಟರ್ ಅಗಲ, 1.8 ಮೀಟರ್ ಎತ್ತರವಿರುವ ವಾಹನದಲ್ಲಿ ಹಿಡಿಸುವುದು ಸುಮಾರು ಹನ್ನೆರಡೂವರೆ ಘನಮೀಟರ್ ಗಾಳಿ. ಒಂದು ಕಿಲೋ ಪ್ರೋಪೇನ್ ಪೂರ್ತಿ ಉರಿಯಲು ಸುಮಾರು ಹದಿಮೂರು ಘನಮೀಟರ್ ಗಾಳಿಯಲ್ಲಿರುವ ಆಮ್ಲಜನಕವೆಲ್ಲ ಬೇಕು. ಸಣ್ಣ ಹೀಟರ್ ಗಂಟೆಗೆ ಸುಮಾರು 95 ಗ್ರಾಂ ಅನಿಲವನ್ನು ಉರಿಸುತ್ತದೆ. ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದ್ದರೆ ಎರಡು ಗಂಟೆಯಲ್ಲಿ ಶೇಕಡ 21ರಷ್ಟಿದ್ದ ಆಮ್ಲಜನಕ ಶೇಕಡ 17ರ ಸಮೀಪಕ್ಕೆ ಇಳಿಯುತ್ತದೆ. ಇದು ಹೀಟರ್ ಒಂದರದೇ ಲೆಕ್ಕ. ಒಳಗೆ ಮಲಗಿರುವ ಐದಾರು ಜನರ ಉಸಿರಾಟ ಇದರ ಮೇಲೆ ಸೇರುತ್ತದೆ. ದೊಡ್ಡ ಹೀಟರಿಗೆ ಒಂದು ಗಂಟೆಯೂ ಬೇಕಿಲ್ಲ. ಬಾಗಿಲಿನ ಸಂದುಗಳಿಂದ ಒಂದಷ್ಟು ಗಾಳಿ ಒಳಬರುವುದರಿಂದ ಈ ಗತಿ ತುಸು ನಿಧಾನವಾಗಬಹುದು. ಆದರೆ ಚಳಿಗೆಂದು ಆ ಸಂದುಗಳಿಗೂ ಬಟ್ಟೆ ತುರುಕುವುದು ನಮ್ಮ ರೂಢಿ.

ಇನ್ನೊಂದು ಸಂಗತಿ: ಒಂದು ಕಿಲೋ ಅನಿಲ ಉರಿದಾಗ ಒಂದೂವರೆ ಲೀಟರಿಗಿಂತಲೂ ಹೆಚ್ಚು ನೀರು ಆವಿಯಾಗಿ ಒಳಗೇ ಉಳಿಯುತ್ತದೆ. ಅದು ಗಾಜು, ಹೊದಿಕೆ, ಹಾಸಿಗೆಗಳ ಮೇಲೆ ಇಬ್ಬನಿಯಂತೆ ಕೂರುತ್ತದೆ. ಹೀಟರ್ ಆರಿದೊಡನೆ ಆ ತೇವದಿಂದಲೇ ಚಳಿ ಮತ್ತಷ್ಟು ಕೊರೆಯುತ್ತದೆ. ಉಬ್ಬಸದ ತೊಂದರೆಯುಳ್ಳವರಿಗೆ ಈ ತೇವ ಹಿತವಲ್ಲ.

ದೇಹದ ಮೇಲೆ ಆಗುವ ಪರಿಣಾಮ

ನಾವು ಉಸಿರಾಡಿದ ಆಮ್ಲಜನಕವನ್ನು ಅಂಗಾಂಗಗಳಿಗೆ ಹೊತ್ತೊಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಕಾರ್ಬನ್ ಮೊನಾಕ್ಸೈಡ್ ಇದಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಗಾಳಿಯಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿದ್ದರೂ ರಕ್ತದಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಶ್ವಾಸ ನಡೆಯುತ್ತಲೇ ಇರುತ್ತದೆ. ಆದರೆ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲದ 200 ಭಾಗಗಳಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು ಬರುತ್ತದೆ. 800 ಭಾಗಗಳಿದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆಸುತ್ತು, ವಾಕರಿಕೆ. ಎರಡು ಗಂಟೆಗಳೊಳಗೆ ಪ್ರಜ್ಞೆ ತಪ್ಪುತ್ತದೆ.

ಎಚ್ಚರವಾಗಿರುವವನಿಗೆ ತಲೆನೋವಾದರೂ ಒಂದು ಸೂಚನೆ. ಮಲಗಿರುವವನಿಗೆ ಆ ಸೂಚನೆಯೂ ದೊರೆಯದು. ನಿದ್ರೆಯಿಂದ ನೇರವಾಗಿ ಪ್ರಜ್ಞಾಹೀನತೆಗೆ, ಅಲ್ಲಿಂದ ಮರಣಕ್ಕೆ ಜಾರುವುದು ಸಾಧ್ಯ. ಅರ್ಧ ಎಚ್ಚರಗೊಂಡವರಿಗೂ ಕೈಕಾಲುಗಳಲ್ಲಿ ಬಲವಿರದೆ, ಬಾಗಿಲಿನ ಚಿಲಕ ತೆಗೆಯಬೇಕೆಂಬ ಬುದ್ಧಿಯೂ ಮಂಕಾಗಿರುತ್ತದೆ. ಗರ್ಭಿಣಿಯರು, ಶಿಶುಗಳು, ವೃದ್ಧರು, ಹೃದ್ರೋಗಿಗಳು ಮತ್ತು ರಕ್ತಹೀನತೆಯುಳ್ಳವರು ಬೇಗ ಬಾಧೆಗೊಳಗಾಗುತ್ತಾರೆ. ತಾಯಿಗೆ ಅಲ್ಪ ತೊಂದರೆಯೆನಿಸಿದಾಗಲೂ ಗರ್ಭಸ್ಥ ಶಿಶುವಿಗೆ ಹೆಚ್ಚಿನ ಹಾನಿಯಾಗಿರಬಹುದು.

ಅಡುಗೆ ಅನಿಲ ಸೋರಿದರೆ ವಾಸನೆ ಬರುತ್ತದಲ್ಲ ಎಂದು ಕೆಲವರು ಧೈರ್ಯದಿಂದಿರುತ್ತಾರೆ. ಸೋರಿಕೆ ತಿಳಿಯಲೆಂದು ಬೆರೆಸಿರುವ ದ್ರವ್ಯದ ವಾಸನೆ ಅದು. ಅನಿಲ ಉರಿದಾಗ ಆ ದ್ರವ್ಯವೂ ಉರಿದುಹೋಗುತ್ತದೆ. ಆದ್ದರಿಂದ ವಾಸನೆ ಇಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು.

ಕೆಂಡದ ಅಗ್ಗಿಷ್ಟಿಕೆಯೂ ನಿರಪಾಯವಲ್ಲ

ಗ್ಯಾಸ್ ಬೇಡ, ಇದ್ದಿಲ ಕೆಂಡ ಇಟ್ಟುಕೊಂಡರಾಯಿತು ಎನ್ನುವವರಿದ್ದಾರೆ. ಹಿಂದೆ ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿದ್ದುದು ನಿಜ. ಆದರೆ ಆ ಮನೆಗಳು ಹೆಂಚಿನವು. ಹೆಂಚಿನ ಸಂದುಗಳೂ ಗವಾಕ್ಷಿಯೂ ಗಾಳಿಯನ್ನು ಸದಾ ಹರಿಯಬಿಡುತ್ತಿದ್ದವು. ಕಬ್ಬಿಣದ ತಗಡಿನಿಂದ ಕಟ್ಟಿ ರಬ್ಬರಿನಿಂದ ಬಿಗಿದ ವಾಹನಕ್ಕೂ ತಾರಸಿ ಮನೆಯ ಗಾಜಿನ ಕಿಟಕಿಯ ಕೋಣೆಗೂ ಆ ಗುಣವಿಲ್ಲ. ಹೊಗೆಯಾಡದ ಕೆಂಡವು ಗ್ಯಾಸಿಗಿಂತಲೂ ಹೆಚ್ಚು ಕಾರ್ಬನ್ ಮೊನಾಕ್ಸೈಡನ್ನು ಹೊರಬಿಡುತ್ತದೆ. ಕಿಟಕಿಯಿಲ್ಲದ ಬಚ್ಚಲು ಮನೆಯಲ್ಲಿ ಗ್ಯಾಸ್ ಗೀಸರ್ ಇಟ್ಟು ಸಂಭವಿಸುವ ಸಾವುಗಳ ಹಿಂದೆಯೂ ಇದೇ ಕಾರಣವಿದೆ. ಇಂಜಿನ್ ಚಾಲನೆಯಲ್ಲಿಟ್ಟು ಬಿಸಿಗಾಳಿ ಹಾಕಿಕೊಂಡು ನಿಂತ ವಾಹನದಲ್ಲಿ ಮಲಗುವುದೂ ಸಲ್ಲದು. ಹೊಗೆ ಕೊಳವೆಯಲ್ಲಿ ಬಿರುಕಿದ್ದರೆ, ವಾಹನವನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಹೊಗೆ ಒಳಸೇರುತ್ತದೆ.

ಹೀಟರಿನ ಬಗೆಗಳು

ಕೈಯಲ್ಲಿ ಒಯ್ಯುವ ಹೀಟರುಗಳು ಒಳಗಿನ ಗಾಳಿಯನ್ನೇ ಬಳಸಿ, ಉರಿದ ಅನಿಲವನ್ನು ಒಳಗೇ ಬಿಡುತ್ತವೆ. ಜ್ವಾಲೆ ಕಾಣದೆ ಕೆಂಪಗೆ ಕಾಯುವ ಫಲಕದ ಹೀಟರುಗಳೂ ಇದೇ ಗುಂಪಿನವು. ಕೆಲವು ಹೀಟರುಗಳಲ್ಲಿ ಆಮ್ಲಜನಕ ಶೇಕಡ 18ರ ಸುಮಾರಿಗೆ ಇಳಿದಾಗ ತಾನಾಗಿ ಆರುವ ವ್ಯವಸ್ಥೆ ಇರುತ್ತದೆ. ಓರೆಯಾಗಿ ಬಿದ್ದರೆ ಆರುವ ಏರ್ಪಾಡೂ ಇರುತ್ತದೆ. ಇವಿಲ್ಲದ ಹೀಟರನ್ನು ಕೊಳ್ಳಲೇಬಾರದು. ಇವಿದ್ದರೂ ಪೂರ್ಣ ರಕ್ಷಣೆ ದೊರೆಯಿತೆನ್ನುವಂತಿಲ್ಲ, ಏಕೆಂದರೆ ಆ ವ್ಯವಸ್ಥೆ ಅಳೆಯುವುದು ಆಮ್ಲಜನಕವನ್ನೇ ಹೊರತು ಕಾರ್ಬನ್ ಮೊನಾಕ್ಸೈಡನ್ನಲ್ಲ. ದೂಳು ಕಟ್ಟಿದ ಬರ್ನರ್ ಆಮ್ಲಜನಕ ಸಾಕಷ್ಟಿರುವಾಗಲೇ ವಿಷಾನಿಲವನ್ನು ಉಗುಳಬಹುದು.

ಎತ್ತರದ ಕ್ಷೇತ್ರಗಳಿಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ವಾಹನ ಹೋಗುವ ಬದರಿಯೇ ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಏಳು ಸಾವಿರ ಅಡಿಗಿಂತ ಮೇಲೆ ಸರಿಯಾಗಿ ಉರಿಯದೆಂದು ಕೆಲವು ಹೀಟರುಗಳ ತಯಾರಕರೇ ಎಚ್ಚರಿಸಿದ್ದಾರೆ. ಬದರಿ ಇರುವುದು ಹತ್ತು ಸಾವಿರ ಅಡಿಗೂ ಮೇಲೆ. ಎತ್ತರದ ಜಾಗದಲ್ಲಿ ಬರುವ ತಲೆನೋವು, ವಾಕರಿಕೆಗಳೂ ಕಾರ್ಬನ್ ಮೊನಾಕ್ಸೈಡಿನ ಲಕ್ಷಣಗಳೂ ಒಂದೇ ತೆರನಾಗಿರುವುದರಿಂದ ಪರ್ವತದ ಬಾಧೆಯೆಂದು ಭಾವಿಸಿ ಮಲಗಿಬಿಡುವ ಅಪಾಯವೂ ಉಂಟು.

ಗಾಳಿಯನ್ನು ಹೊರಗಿನಿಂದ ಎಳೆದು, ಉರಿದ ಅನಿಲವನ್ನು ಕೊಳವೆಯ ಮೂಲಕ ಹೊರಗೇ ಬಿಡುವಂತೆ ವಾಹನಕ್ಕೆ ಕಾಯಂ ಆಗಿ ಜೋಡಿಸಿದ ಹೀಟರ್ ಇವೆಲ್ಲಕ್ಕಿಂತ ಮೇಲು. ಅದನ್ನು ಬಲ್ಲವರಿಂದಲೇ ಕೂರಿಸಿ, ಹೊಗೆ ಕೊಳವೆಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಬಾಡಿಗೆಗೆ ವ್ಯಾನು ಪಡೆಯುವಾಗ ಯಾವ ಬಗೆಯ ಹೀಟರ್ ಇದೆಯೆಂದು ಕೇಳಿ ತಿಳಿದುಕೊಳ್ಳುವುದು ಯಾತ್ರಿಕರ ಹಕ್ಕು.

ಬಳಸಲೇಬೇಕಾದ ಸಂದರ್ಭದಲ್ಲಿ

ಒಂದು ನಿಯಮವನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು: ಉರಿ ಇರುವಲ್ಲಿ ನಿದ್ರೆ ಬೇಡ, ನಿದ್ರೆ ಇರುವಲ್ಲಿ ಉರಿ ಬೇಡ. ಮಲಗುವ ಮುನ್ನ ಹೀಟರನ್ನು ಆರಿಸಿ, ಸಿಲಿಂಡರಿನ ಕವಾಟವನ್ನೂ ಮುಚ್ಚಬೇಕು. ಎಚ್ಚರವಿದ್ದು ಸ್ವಲ್ಪ ಹೊತ್ತು ಬಳಸುವಾಗ ಪಾಲಿಸಬೇಕಾದ ಕ್ರಮಗಳು ಇವು:

1. ಎದುರುಬದುರು ಎರಡು ಕಡೆ, ಒಂದು ಮೇಲ್ಭಾಗದಲ್ಲಿ ಮತ್ತೊಂದು ಕೆಳಭಾಗದಲ್ಲಿ, ಗಾಳಿಗೆ ದಾರಿ ತೆರೆದಿರಬೇಕು. ಒಂದೇ ಕಿಟಕಿಯನ್ನು ಬೆರಳಗಲ ತೆರೆದರೆ ಸಾಲದು.

2. ಹೀಟರನ್ನು ಸಮತಟ್ಟಾದ ನೆಲದ ಮೇಲಿಟ್ಟು, ಸುತ್ತ ಒಂದು ಮೀಟರಿನೊಳಗೆ ಹೊದಿಕೆ, ಪರದೆ, ಸೀರೆಯ ಸೆರಗು ಬಾರದಂತೆ ನೋಡಿಕೊಳ್ಳಬೇಕು. ಒದ್ದೆ ಬಟ್ಟೆಯನ್ನು ಅದರ ಮೇಲೆ ಒಣಹಾಕಬಾರದು. ವಾಹನ ಚಲಿಸುವಾಗ ಹೊತ್ತಿಸಲೇಬಾರದು.

3. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು, ಮಲಗಿದಾಗ ತಲೆ ಇರುವ ಮಟ್ಟದಲ್ಲಿ ಅಳವಡಿಸಬೇಕು. ವಾಹನಗಳಿಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 50291-2. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಅದನ್ನು ನೋಡಬಹುದು. ಹೊಗೆ ಪತ್ತೆ ಮಾಡುವ ಅಲಾರಂ ಈ ಕೆಲಸ ಮಾಡದು. ಹೊರಡುವ ಮುನ್ನ ಅದರ ಗುಂಡಿ ಒತ್ತಿ ಪರೀಕ್ಷಿಸಬೇಕು.

4. ಜ್ವಾಲೆ ನೀಲಿಯಾಗಿರಬೇಕಾದ ಒಲೆಯಲ್ಲಿ ಹಳದಿ ಉರಿ, ಮಸಿ ಕಂಡರೆ ಕೂಡಲೇ ಆರಿಸಬೇಕು. ಒಲೆಯನ್ನು ಹೀಟರಿನಂತೆ ಬಳಸಬಾರದು.

5. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲಮಟ್ಟದಲ್ಲಿ, ಆಸನಗಳ ಕೆಳಗೆ ಸಂಗ್ರಹವಾಗುತ್ತದೆ. ಆದ್ದರಿಂದ ಸಿಲಿಂಡರನ್ನು ಮಲಗುವ ಭಾಗದಲ್ಲಿ ಇಡದೆ, ತಳದಲ್ಲಿ ಹೊರಕ್ಕೆ ಕಿಂಡಿಯಿರುವ ಪ್ರತ್ಯೇಕ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಸೋರಿಕೆಯನ್ನು ಸೋಪಿನ ನೀರು ಹಚ್ಚಿ ಪರೀಕ್ಷಿಸಬೇಕು. ಕಡ್ಡಿ ಗೀರಿ ನೋಡಬಾರದು.

6. ಚಳಿಗೆ ಅನಿಲ ಸರಿಯಾಗಿ ಬರುತ್ತಿಲ್ಲವೆಂದು ಸಿಲಿಂಡರನ್ನು ಉರಿಯ ಬಳಿ ಸರಿಸುವುದು, ಕುದಿಯುವ ನೀರು ಸುರಿಯುವುದು, ಮನೆಯ ಸಿಲಿಂಡರಿನಿಂದ ಸಣ್ಣ ಡಬ್ಬಿಗೆ ಅನಿಲ ತುಂಬಿಸುವುದು ಸ್ಫೋಟಕ್ಕೆ ಆಹ್ವಾನವಿತ್ತಂತೆ.

7. ಬೆಳಗಿನ ಪೂಜೆಯನ್ನು ವಾಹನದಲ್ಲೇ ಮಾಡಿಕೊಳ್ಳುವವರು ದೀಪ, ಕರ್ಪೂರ, ಧೂಪಗಳನ್ನು ಒಳಗೆ ಹೊತ್ತಿಸದಿರುವುದು ಒಳಿತು. ಸಿಲಿಂಡರ್ ಇರುವ ವಾಹನದಲ್ಲಿ ರಾತ್ರಿ ಸೋರಿದ ಅನಿಲಕ್ಕೆ ಒಂದು ಕಡ್ಡಿಯ ಕಿಡಿ ಸಾಕು. ಎದ್ದೊಡನೆ ಬಾಗಿಲು ತೆರೆದು ಗಾಳಿಯಾಡಿಸಿ, ಆಮೇಲೆ ಮುಂದಿನ ಕೆಲಸ.

8. ಅರಸೀಕೆರೆ ಜಂಕ್ಷನ್‌ನಿಂದ ರೈಲು ಹತ್ತುವವರು ಸಿಲಿಂಡರನ್ನೂ ಗ್ಯಾಸ್ ಒಲೆಯನ್ನೂ ಬೋಗಿಗೆ ಒಯ್ಯಬಾರದು. ಅದು ಶಿಕ್ಷಾರ್ಹ ಅಪರಾಧ.

ಉರಿಯಿಲ್ಲದೆ ಬೆಚ್ಚಗಿರುವ ದಾರಿ

ನಮ್ಮ ಜಿಲ್ಲೆಯ ಚಳಿಗೆ ಹೀಟರ್ ಅನಿವಾರ್ಯವೇನಲ್ಲ. ಮೈಯ ಶಾಖ ಹೆಚ್ಚಾಗಿ ಕಳೆದುಹೋಗುವುದು ಕೆಳಗಿನ ತಣ್ಣನೆಯ ತಗಡಿಗೆ. ಆದ್ದರಿಂದ ಮೇಲೆ ಎರಡು ಹೊದಿಕೆ ಹೊದೆಯುವುದಕ್ಕಿಂತ ಕೆಳಗೆ ದಪ್ಪನೆಯ ಜಮಖಾನ ಹಾಸಿ ಮೇಲೊಂದು ಉಣ್ಣೆಯ ಕಂಬಳಿ ಹೊದೆಯುವುದು ಹೆಚ್ಚು ಪ್ರಯೋಜನಕಾರಿ. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ, ಬೆವರು ಹೀರಿದ ಬಟ್ಟೆ ಬದಲಿಸಿ ಒಣಬಟ್ಟೆ ತೊಡುವುದು, ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಾದದ ಬಳಿ ಇಡುವುದು, ಮಲಗುವ ಮುನ್ನ ಹುರುಳಿ ಕಟ್ಟಿನ ಸಾರು ಅಥವಾ ಮೆಣಸು ಶುಂಠಿಯ ಕಷಾಯ ಕುಡಿಯುವುದು, ಇವೆಲ್ಲ ಸುಲಭ ಸಾಧ್ಯ. ಅಡುಗೆಯನ್ನು ವಾಹನದ ಹೊರಗೆ, ಬಯಲಿನಲ್ಲಿ ಮಾಡಿಕೊಳ್ಳಬೇಕು. ವಯಸ್ಸಾದವರೂ ಹಸುಗೂಸುಗಳೂ ಜೊತೆಗಿದ್ದರೆ ರಾತ್ರಿಗೆ ಯಾತ್ರಿನಿವಾಸವನ್ನೋ ಮಠಮಂದಿರಗಳ ವಸತಿಯನ್ನೋ ಮೊದಲೇ ಗೊತ್ತು ಮಾಡಿಕೊಳ್ಳುವುದು ಉಚಿತ. ಬೇಲೂರಿಗೂ ಹಳೇಬೀಡಿಗೂ ನಡುವೆ ಇರುವುದು 16 ಕಿಲೋಮೀಟರ್ ಮಾತ್ರ. ಒಂದು ಊರಿನಲ್ಲಿ ತಂಗಿ ಇನ್ನೊಂದನ್ನು ನೋಡಿ ಬರಬಹುದು.

ಅನಾಹುತ ಸಂಭವಿಸಿದರೆ

ವಾಹನದಲ್ಲಿರುವ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ಮಂಪರು ಕಂಡರೆ ಅಜೀರ್ಣವೆಂದೋ ಆಯಾಸವೆಂದೋ ಎಣಿಸಬಾರದು. ಬಾಗಿಲುಗಳನ್ನೆಲ್ಲ ತೆರೆದು ಎಲ್ಲರನ್ನೂ ಬಯಲಿಗೆ ತರಬೇಕು. ಸಾಧ್ಯವಾದರೆ ಹೀಟರ್ ಆರಿಸಬೇಕು. ಕಾಪಾಡಲು ಹೋಗುವವರು ಮೊದಲು ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು ಒಳಹೊಗಬೇಕು; ಇಲ್ಲವಾದರೆ ಅವರೂ ಕುಸಿಯುತ್ತಾರೆ. ಕೂಡಲೇ 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿರುವವರನ್ನು ಮಗ್ಗುಲಾಗಿ ಮಲಗಿಸಬೇಕು. ಉಸಿರಾಟ ನಿಂತಿದ್ದರೆ ಬಲ್ಲವರು ಎದೆ ಒತ್ತುವ ಚಿಕಿತ್ಸೆಯನ್ನು ಆರಂಭಿಸಬೇಕು. ಅಂಥವರ ಬಾಯಿಗೆ ನೀರು, ಮಜ್ಜಿಗೆ, ನಿಂಬೆ ಪಾನಕ ಏನನ್ನೂ ಹಾಕಬಾರದು. ಅನಿಲ ಸೋರಿಕೆಯ ದೂರಿಗೆ ದಿನವಿಡೀ ದೊರೆಯುವ ಸಂಖ್ಯೆ 1906.

ಚಿಕಿತ್ಸೆ ಎಂದರೆ ಮುಖ್ಯವಾಗಿ ಶುದ್ಧ ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ರಕ್ತದ ಅರ್ಧದಷ್ಟು ವಿಷ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕಾದರೆ, ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಒಂದರಿಂದ ಒಂದೂವರೆ ಗಂಟೆ ಸಾಕಾಗುತ್ತದೆ. ಆದ್ದರಿಂದ ಹೊರಗೆ ಬಂದು ಚೇತರಿಸಿಕೊಂಡಂತೆ ಕಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ವಿಷ ತುಂಬಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದು ಎಣಿಸಿ ಶೇಕಡ 98, 99 ಎಂದು ತೋರಿಸಬಹುದು. ಮುಚ್ಚಿದ ವಾಹನದಲ್ಲಿ ಹೀಟರ್ ಉರಿಯುತ್ತಿತ್ತು ಎಂಬ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿದರೆ ಅವರು ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಪ್ರಮಾಣವನ್ನು ನೇರವಾಗಿ ಪರೀಕ್ಷಿಸುತ್ತಾರೆ. ಗುಣವಾಗಿ ಮನೆಗೆ ಮರಳಿದವರಲ್ಲಿಯೂ ಕೆಲವು ವಾರಗಳ ಬಳಿಕ ಮರೆವು, ಸ್ವಭಾವದ ಬದಲಾವಣೆ, ನಡಿಗೆಯ ತೊಡಕು ಕಾಣಿಸಿಕೊಳ್ಳಬಹುದು. ಅಂತಹ ಲಕ್ಷಣಗಳಿಗೆ ಮತ್ತೆ ವೈದ್ಯರನ್ನು ಕಾಣಬೇಕು.

ಯಾತ್ರೆಯ ತಂಡದಲ್ಲಿ ಲೆಕ್ಕಪತ್ರಕ್ಕೊಬ್ಬರು, ಅಡುಗೆಗೊಬ್ಬರು ಇರುವಂತೆ ರಾತ್ರಿ ಮಲಗುವ ಮುನ್ನ ಒಲೆ, ಹೀಟರ್, ಸಿಲಿಂಡರಿನ ಕವಾಟ, ಕಿಟಕಿ ಇಷ್ಟನ್ನೂ ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಬೇಕು. ಎಲ್ಲರೂ ನೋಡಿರುತ್ತಾರೆಂದು ಎಲ್ಲರೂ ಮಲಗುವ ರಾತ್ರಿಯೇ ಅಪಾಯದ ರಾತ್ರಿ. ಈ ಚಳಿಗಾಲದಲ್ಲಿ ವಾಹನ ಗೊತ್ತು ಮಾಡುತ್ತಿರುವ ಭಕ್ತರು ಹೊರಡುವ ಮೊದಲೇ ಚಾಲಕರೊಡನೆಯೂ ಅಡುಗೆಯವರೊಡನೆಯೂ ಕುಳಿತು ಈ ವಿಷಯಗಳನ್ನು ಮಾತಾಡಿಕೊಳ್ಳಲಿ. ಹೋದವರೆಲ್ಲರೂ ಕ್ಷೇಮವಾಗಿ ಮನೆ ಸೇರಲಿ.